ಮೂರು ಎಣಿಸುವ ತನಕ

ಎಂಜಿನ್ನಿನ ಆಕಾರದ ಸಣ್ಣ ಹಳದಿ ಗುರುತು,
ನೋಡಿದರೆ ಮೂತಿ ಮುರಿದ ತಂಬಿಗೆ.
ಹಳೆಯ ಸ್ಯಾಂಟ್ರೊ ನನ್ನ ಕೈಗೆ ಬಂದ ಎಂಟನೇ ದಿನ
ಕಾರಟಗಿ ದಾರಿಯಲ್ಲಿ, ಕಾಲುವೆ ಸೇತುವೆ ದಾಟುವಾಗ ಹತ್ತಿತು.
ಹತ್ತಿದ್ದು ಆರಲೇ ಇಲ್ಲ.
ಗಾಡಿ ಓಡುತ್ತಿತ್ತು.
ಲಾರಿಗಳ ಹಿಂದೆ ನಿಂತಾಗ ಮಾತ್ರ ಒಮ್ಮೊಮ್ಮೆ
ಬಿಕ್ಕಿದಂತೆ ಅಲುಗುತ್ತಿತ್ತು, ಅಷ್ಟೇ.

ನನ್ನ ಕೆಲಸ ಭತ್ತದ ತೇವ ಅಳೆಯುವುದು.
ಗಂಗಾವತಿಯ ಗಿರಣಿಯಿಂದ ಗಿರಣಿಗೆ ಹೋಗಿ
ಚೀಲಕ್ಕೆ ಕೊಳವೆ ಚುಚ್ಚಿ, ಹಿಡಿ ಕಾಳು ತೆಗೆದು
ಮೀಟರಿನ ಬಟ್ಟಲಿಗೆ ಸುರಿಯುತ್ತೇನೆ.
ಹದಿನೇಳು ದಾಟಿದರೆ ಲಾರಿ ಹೊರಗೇ.
'ಮೀಟರ್ ಸುಳ್ಳು ಹೇಳ್ತದ ಮೇಡಂ,
ಕಾಳು ಹಲ್ಲಾಗ ಹಾಕ್ಕೊಂಡು ನೋಡ್ರಿ, ಕಟ್ ಅಂತದ!'
ದಿನಕ್ಕೆ ನಾಲ್ಕು ಮಂದಿಯಾದರೂ ಜಗಳಕ್ಕೆ ನಿಲ್ಲುತ್ತಾರೆ.
ನಾನು ಮೀಟರನ್ನು ಅವರ ಕಡೆ ತಿರುಗಿಸುತ್ತೇನೆ, ಮಾತಾಡುವುದಿಲ್ಲ.

ಅಂಥವಳು
ನನ್ನದೇ ಗಾಡಿಯ ದೀಪಕ್ಕೆ ಸುಳ್ಳುಬುರುಕ ಎಂದೆ.

ಯಾರೋ ಹೇಳಿದರೆಂದು ಪೆಟ್ರೋಲ್ ಮುಚ್ಚಳ ಬಿಗಿ ಮಾಡಿದೆ.
ಪ್ಲಗ್ಗು ಬದಲಾದವು.
ಸ್ಕ್ಯಾನರ್ ಇಟ್ಟವನು ಆಕ್ಸಿಜನ್ ಸೆನ್ಸರ್ ಎಂದ,
ಮೂರು ಸಾವಿರದ ಎಂಟುನೂರು.
ಹೊಸದು ಹಾಕಿ, ದೀಪ ಅಳಿಸಿ, ಕಳಿಸಿದ.
ಸಿದ್ದಾಪುರ ಮುಟ್ಟುವುದರೊಳಗೆ ತಂಬಿಗೆ ವಾಪಸ್.
ಒಂದು ರಾತ್ರಿ ಬ್ಯಾಟರಿ ತಂತಿ ಕಳಚಿಟ್ಟೆ:
ಎರಡು ದಿನ ಸುಮ್ಮನಿತ್ತು, ಅಷ್ಟರಲ್ಲಿ ಗಡಿಯಾರ
ಹಿಂದೆ ಬಿದ್ದು ನನ್ನನ್ನು ಎಲ್ಲ ಗಿರಣಿಗೂ ತಡ ಮಾಡಿಸಿತು.

ಹೊಸಪೇಟೆಯ ಸೆಲ್ವರಾಜ ಅರ್ಧ ತಾಸಿನಲ್ಲಿ ಸರಿ ಮಾಡಿಕೊಟ್ಟ.
ಮುನ್ನೂರು ರೂಪಾಯಿ. ಖುಷಿಗೆ ಐವತ್ತು ಮೇಲೆ ಕೊಟ್ಟೆ.
ನಾಲ್ಕು ತಿಂಗಳು ಆ ಮೂಲೆ ಕತ್ತಲು,
ಆ ಕತ್ತಲೆಯೇ ನನಗೆ ನಿರಾಳ.
ಪೆಟ್ರೋಲ್ ಮಾತ್ರ ಯಾಕೋ ಬೇಗ ತೀರುತ್ತಿತ್ತು.
ರೇಟು ಏರಿದೆಯಲ್ಲ, ಅದಕ್ಕೇ ಅಂದುಕೊಂಡೆ.
ಲೀಟರಿಗೂ ರೇಟಿಗೂ ಏನು ಸಂಬಂಧ ಎಂದು
ಅಳೆಯುವುದೇ ಕೆಲಸವಾದ ನನಗೆ ಹೊಳೆಯಲಿಲ್ಲ.

ಕಂಪ್ಲಿ ರಸ್ತೆಯ ತಗಡಿನ ಶೆಡ್ಡಿನಲ್ಲಿ
ಮರ್ದಾನಸಾಬ್ ಬಾನೆಟ್ ಎತ್ತಲಿಲ್ಲ.
ಸೀಟಿನಲ್ಲಿ ಕೂತು, ಕೀಲಿ ಅರ್ಧ ಮಾತ್ರ ತಿರುವಿ
ಗಾಜಿಗೆ ಕೈ ಮರೆ ಮಾಡಿ ನೋಡಿದರು.
'ಆಯಿಲ್ ಬಂತು, ಬ್ಯಾಟರಿ ಬಂತು. ಇನ್ನೊಂದೆಲ್ಲಿ?'
ಅದು ಹೋಗಿ ನಾಲ್ಕು ತಿಂಗಳಾಯ್ತು, ಎಂದೆ ಹೆಮ್ಮೆಯಿಂದ.
'ಹೋಗಬೇಕಂದ್ರ ಮೊದ್ಲು ಬರಬೇಕಲ್ರೀ.
ಕೀಲಿ ತಿರುವಿದ ಕೂಡ್ಲೆ ಹಾಜರಿ ಹೇಳಿ, ಆಮ್ಯಾಲ ಆರಬೇಕು.
ಇದ್ರದು ಹಾಜರೀನ ಇಲ್ಲ.'

ಮೀಟರಿನ ಬೆನ್ನು ಬಿಚ್ಚಿದರು.
ಬಲ್ಬಿನ ಜಾಗದಲ್ಲಿ ತೂತು,
ತೂತಿನ ಬಾಯಿಗೆ ಚೂರು ಕರೀ ಟೇಪು.

ಮುನ್ನೂರೈವತ್ತು.

ಬಲ್ಬು ಹಾಕಿದರು. ತಂಬಿಗೆ ಹೊಳೆಯಿತು,
ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ.
ಯಮನೂರಿ ಎಂಬ ಹುಡುಗ ಎಂಜಿನ್ನಿನ ಹಿಂದೆ
ಮೊಣಕೈತನಕ ತೂರಿಸಿ, ನಗುತ್ತ, ಹೊರಗೆಳೆದ:
ಒಂದು ಹಿಡಿ ಹೊಟ್ಟು, ಗೋಣಿಯ ನಾರು,
ಸೋನಾಮಸೂರಿಯ ಮುಕ್ಕು ಕಾಳು,
ಮೆತ್ತಗೆ ಅಗಿದ ಚೀಟಿಯೊಂದು.
ಅದರಲ್ಲಿ ನನ್ನದೇ ಅಕ್ಷರ: ೧೮.೨, ವಾಪಸ್.
ಇಲಿ ಎಲ್ಲೋ ಹೋಗಿತ್ತು.
ಅದು ಕಡಿದ ತಂತಿಯ ತಾಮ್ರ ಮಾತ್ರ
ಎಂಜಿನ್ ನಡುಗಿದಾಗೊಮ್ಮೆ ಕಬ್ಬಿಣಕ್ಕೆ ತಾಗಿ,
ಬಿಟ್ಟು, ತಾಗಿ,
ಇಷ್ಟು ದಿನ ಅದೊಂದನ್ನೇ ಹೇಳುತ್ತಿತ್ತು.

ಬೆಸುಗೆ, ತೋಳು, ಟೇಪು. ನೂರಾ ಎಂಬತ್ತು.
ಮೇಲೆ ಕೊಡಹೋದದ್ದನ್ನು ಮರ್ದಾನಸಾಬ್ ಮುಟ್ಟಲಿಲ್ಲ.
'ಇಲಿ ಮತ್ತ ಬರ್ತದ್ರೀ, ಗಿರಣಿ ನೆರಳಾಗ ನಿಲ್ಲಸಬ್ಯಾಡ್ರಿ.'
ನಿಲ್ಲಿಸಲು ಬೇರೆ ನೆರಳೆಲ್ಲಿದೆ ಈ ಊರಲ್ಲಿ?

ಈಗ ಬೆಳಿಗ್ಗೆ ಕೀಲಿ ಅರ್ಧ ತಿರುವಿ ಕಾಯುತ್ತೇನೆ.
ಒಂದು. ಎರಡು. ಮೂರು.
ಆಮೇಲೆ ಹೊರಡುತ್ತೇನೆ.

ನಿನ್ನೆ ಕಾರಟಗಿ ಕಡೆಯವನೊಬ್ಬ ಮೀಟರನ್ನು ಬೈದ.
ಕಾಳು ಸುರಿಯುವ ಮೊದಲು ಖಾಲಿ ಬಟ್ಟಲಿಟ್ಟೆ.
'ಅದೇನ್ ಮಾಡಾಕತ್ತೀರಿ?'
ಹಾಜರಿ ಕರೀತಿದೀನಿ, ಎಂದೆ.
ಸೊನ್ನೆ ಬಂತು. ಆಮೇಲೆ ಅವನ ಕಾಳು, ಹದಿನೇಳೂವರೆ.
ಜಗಳವೇನೂ ತಪ್ಪಲಿಲ್ಲ.